ಎಂಟನೇ ಕ್ಲಾಸಿನ ಹುಡುಗಿಗೆ ಖೋ ಖೋ ಬಿಡಿಸಬೇಡಿ

ಮೇಡಂ, ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮಗಳು ಏಳನೇ ಕ್ಲಾಸಿನವರೆಗೂ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದಳು, ಯಾವಾಗಲೂ ಅವಳೇ ಫಸ್ಟ್. ಈ ವರ್ಷ ಹೋಬಳಿಯ ಹೈಸ್ಕೂಲಿಗೆ ಸೇರಿಸಿದ್ದೇವೆ, ಕನ್ನಡ ಮೀಡಿಯಂ. ಎಫ್‌ಎ-1ರ ಗಣಿತದಲ್ಲಿ ಅರ್ಧ ಅಂಕವೂ ಬಂದಿಲ್ಲ. ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅನ್ನುತ್ತಾಳೆ, ಸಂಜೆ ಬಂದರೆ ಮಾತೇ ಇಲ್ಲ. ಖೋ ಖೋ ತಂಡಕ್ಕೆ ಮಾತ್ರ ಸೇರಿಕೊಂಡಿದ್ದಾಳೆ. ನಮ್ಮ ಯಜಮಾನರು ಆಟ ಬಿಡಿಸಿ ಟ್ಯೂಷನ್ನಿಗೆ ಹಾಕೋಣ, ಮುಂದಿನ ವರ್ಷ ಇಂಗ್ಲಿಷ್ ಮೀಡಿಯಂಗೆ ಸೇರಿಸೋಣ, ಎಸ್ಸೆಸ್ಸೆಲ್ಸಿಗೆ ಈಗಿನಿಂದಲೇ ತಯಾರಿ ಆಗಬೇಕು ಅಂತಾರೆ. ನನಗೆ ಏನೂ ತೋಚುತ್ತಿಲ್ಲ. ಗಣಿತದ ಪೇಪರಿನ ಝೆರಾಕ್ಸ್ ಜೊತೆಗೆ ಇಟ್ಟಿದ್ದೇನೆ.
– ಹೆಸರು ಬೇಡ

ತಾಯಿ, ಪೇಪರ್ ಕಳಿಸಿ ಒಳ್ಳೆಯದು ಮಾಡಿದಿರಿ. ಅಂಕ ಬಿಟ್ಟು ಅದನ್ನು ಸಾಲು ಸಾಲಾಗಿ ಓದಿದೆ. ಸಮೀಕರಣ ಬಿಡಿಸುವ ಲೆಕ್ಕಗಳಲ್ಲಿ ದಾರಿ ಸರಿಯಿದೆ, ಹಂತಗಳು ಸರಿಯಿವೆ. ಸಮ ಚಿಹ್ನೆಯ ಆಚೆಗೆ ಸಂಖ್ಯೆಯನ್ನು ಒಯ್ಯುವಾಗ ಮೈನಸ್ ಇದ್ದದ್ದು ಪ್ಲಸ್ ಆಗಬೇಕಿತ್ತು, ಅವಳು ಮೈನಸ್ಸನ್ನೇ ಉಳಿಸಿಕೊಂಡಿದ್ದಾಳೆ. ಮೂರು ಲೆಕ್ಕದಲ್ಲೂ ಅದೇ ತಪ್ಪು. ಕೊನೆಯ ಲೆಕ್ಕದಲ್ಲಂತೂ ಸರಿಯಾದದ್ದನ್ನೇ ಬರೆದು, ಗೀಟು ಹೊಡೆದು, ಪಕ್ಕದಲ್ಲಿ ತಪ್ಪು ಬರೆದಿದ್ದಾಳೆ. ಇದು ದಡ್ಡತನ ಅಲ್ಲ. ಏಳನೆಯ ತರಗತಿಯ ಪೂರ್ಣಾಂಕಗಳ ಪಾಠದಲ್ಲಿ ಒಂದು ಸಣ್ಣ ಜಾಗ ಸಡಿಲ ಉಳಿದಿದೆ. ಅದರ ಮೇಲೆ, ತನ್ನ ಉತ್ತರವನ್ನು ತಾನೇ ನಂಬದ ಸ್ಥಿತಿಗೆ ಹುಡುಗಿ ಬಂದಿದ್ದಾಳೆ. ನನಗೆ ಹೆಚ್ಚು ಚಿಂತೆ ಆಗಿರುವುದು ಆ ಗೀಟಿನದ್ದು.

ಅವಳಿಗೆ ಈ ಜೂನ್‌ನಿಂದ ಏನೇನು ಬದಲಾಗಿದೆ ನೋಡಿ. ಊರಿನ ಶಾಲೆಯಲ್ಲಿ ಎಲ್ಲ ಮೇಷ್ಟ್ರಿಗೂ ಅವಳ ಮನೆ ಗೊತ್ತು, ಅಜ್ಜಿ ಗೊತ್ತು. ಇಲ್ಲಿ ಬೆಲ್ ಹೊಡೆದ ಹಾಗೆಲ್ಲ ಬೇರೆ ಮುಖ: ಗಣಿತಕ್ಕೆ ಪಿಸಿಎಂ ಟೀಚರು, ಜೀವಶಾಸ್ತ್ರಕ್ಕೆ ಸಿಬಿಝೆಡ್ ಟೀಚರು, ಸಮಾಜಕ್ಕೆ ಇನ್ನೊಬ್ಬರು, ಭಾಷೆಗೊಬ್ಬೊಬ್ಬರು. ಯಾರಿಗೂ ಇನ್ನೂ ಅವಳ ಹೆಸರು ಬಾಯಿಗೆ ಬಂದಿರುವುದಿಲ್ಲ. ಅಕ್ಕಪಕ್ಕದ ಊರುಗಳ ಶಾಲೆಗಳಲ್ಲಿ ಫಸ್ಟ್ ಬಂದವರೆಲ್ಲ ಅದೇ ಕೋಣೆಯಲ್ಲಿದ್ದಾರೆ. ಮನೆಯಲ್ಲೂ ಶಾಲೆಯಲ್ಲೂ ಫಸ್ಟ್ ಎಂದೇ ಕರೆಸಿಕೊಂಡ ಹುಡುಗಿಗೆ, ಆ ಸ್ಥಾನ ಹೋದ ಮೇಲೆ ತಾನು ಯಾರು ಎನ್ನುವುದು ಸಣ್ಣ ಪ್ರಶ್ನೆಯಲ್ಲ.

ಇಂಥ ಹೊತ್ತಿನಲ್ಲಿ ಅವಳು ತಾನಾಗಿಯೇ ಹುಡುಕಿಕೊಂಡ ಒಂದೇ ಜಾಗ ಆ ಖೋ ಖೋ ಅಂಕಣ. ಸಾಲಿನಲ್ಲಿ ಎಂಟು ಜನ ಕೂತಿರುತ್ತಾರೆ, ಒಬ್ಬರ ಮುಖ ಈ ಕಡೆ, ಮುಂದಿನವರ ಮುಖ ಆ ಕಡೆ. ಬೆನ್ನ ಹಿಂದಿನಿಂದ ಖೋ ಎಂದರೆ ಸಾಕು, ಏಳಬೇಕು, ಓಡಬೇಕು. ಅಲ್ಲಿ ಬೇರೆ ಊರಿನ ಹುಡುಗಿಯರು ಅವಳನ್ನು ನಂಬುತ್ತಾರೆ, ಅವಳು ಅವರನ್ನು ನಂಬುತ್ತಾಳೆ. ಪಿಟಿ ಮೇಷ್ಟ್ರು ಅವಳನ್ನು ಹೆಸರು ಹಿಡಿದೇ ಕರೆಯುತ್ತಿರಬಹುದು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ಅಂತ ಪಂದ್ಯಗಳು ಮುಂದೆ ಹೋಗುತ್ತವೆ. ಹಾಡು, ಭಾಷಣ ಬರುವ ಮಕ್ಕಳಿಗೆ ಪ್ರತಿಭಾ ಕಾರಂಜಿಯೂ ಹೀಗೆಯೇ ಒಂದು ದಾರಿ. ಇವನ್ನು ಓದಿನಿಂದ ಕದ್ದ ಸಮಯ ಎಂದು ಲೆಕ್ಕ ಹಾಕುವುದು ದೊಡ್ಡ ತಪ್ಪು ಎಂದೇ ನಾನು ಹೇಳುತ್ತೇನೆ. ಆಟ ಬಿಡಿಸಿದರೆ ಗಣಿತ ಬರುವುದಿಲ್ಲ, ಶಾಲೆಗೆ ಹೋಗಲು ಅವಳಿಗಿರುವ ಒಂದು ಕಾರಣವೂ ಹೋಗುತ್ತದೆ. ಅಭ್ಯಾಸ ಮುಗಿಯುವ ಹೊತ್ತಿಗೆ ಬಸ್ ತಪ್ಪುತ್ತದೆ ಎಂದಾದರೆ ಮಾತ್ರ ಅದು ನಿಜವಾದ ತೊಡಕು. ಮೇಷ್ಟ್ರ ಹತ್ತಿರ ಮಾತಾಡಿ, ನಿಮ್ಮ ಊರಿನ ಕಡೆಗೆ ಬರುವ ಇನ್ನೊಬ್ಬ ಹುಡುಗಿ ತಂಡದಲ್ಲಿದ್ದಾಳೆಯೇ ಕೇಳಿ.

ಗಣಿತಕ್ಕೆ ಟ್ಯೂಷನ್ ಬೇಡ. ಪಿಸಿಎಂ ಟೀಚರಿಗೆ ಈ ಪೇಪರನ್ನೇ ತೋರಿಸಿ, ಧನ-ಋಣ ಚಿಹ್ನೆಗಳ ಅಭ್ಯಾಸ ಕೊಡಿ ಎಂದು ಕೇಳಿ. ಏಳನೆಯ ತರಗತಿಯ ಪುಸ್ತಕ ಮನೆಯಲ್ಲಿದ್ದರೆ ದಿನಕ್ಕೆ ಐದಾರು ಲೆಕ್ಕ ಸಾಕು. ಸಮುದಾಯದತ್ತ ಶಾಲೆ ಕಾರ್ಯಕ್ರಮಕ್ಕೆ ಪೋಷಕರನ್ನು ಕರೆಯುತ್ತಾರಲ್ಲ, ಆ ದಿನ ನೀವಿಬ್ಬರೂ ಹೋಗಿ. ಎಷ್ಟು ಬಂತು ಎಂದು ಕೇಳಿ ಸಹಿ ಹಾಕಿ ಬರಬೇಡಿ, ಎಲ್ಲಿ ತಪ್ಪಿತು ಎಂದು ಕೇಳಿ.

ಇನ್ನು ಹೊಟ್ಟೆನೋವು. ಅದನ್ನು ನೆಪ ಎಂದು ತಳ್ಳಿಹಾಕಬೇಡಿ. ಹೈಸ್ಕೂಲಿಗೆ ಹೋಗುವ ಎಷ್ಟೋ ಹುಡುಗಿಯರು ಶೌಚಾಲಯಕ್ಕೆ ಹೋಗಲು ಹಿಂಜರಿದು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಅವಳ ವಾಟರ್ ಬಾಟಲಿ ತುಂಬಿದ್ದು ತುಂಬಿದ ಹಾಗೆಯೇ ವಾಪಸ್ ಬರುತ್ತಿದೆಯೇ ನೋಡಿ. ಮುಟ್ಟು ಶುರುವಾಗಿದ್ದರೆ ಆ ದಿನಗಳಲ್ಲಿ ಶಾಲೆಯಲ್ಲಿ ಏನು ಮಾಡುತ್ತಾಳೆ, ಶುಚಿ ಯೋಜನೆಯ ಪ್ಯಾಡ್ ಕೈಗೆ ಸಿಗುತ್ತಿದೆಯೇ, ಯಾವ ಟೀಚರ ಹತ್ತಿರ ಕೇಳಬಹುದು, ಇದನ್ನೆಲ್ಲ ನೀವೇ ಮೆಲ್ಲಗೆ ಮಾತಾಡಬೇಕು. ಬಸ್ಸಿನ ವಿಷಯವೂ ಇದೆ. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಖರ್ಚಿಲ್ಲ, ಆದರೆ ಬೆಳಗಿನ ನೂಕುನುಗ್ಗಲಿನಲ್ಲಿ ಯಾರಾದರೂ ತೊಂದರೆ ಕೊಡುತ್ತಿದ್ದಾರೆಯೇ ಎಂದು ಕೇಳಲೇಬೇಕು. ಹಾಗೇನಾದರೂ ಇದ್ದರೆ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಅದಕ್ಕಾಗಿ ಅವಳನ್ನು ಮಾತ್ರ ಬೈಯಬೇಡಿ.

ಸಂಜೆ ಬಂದ ಕೂಡಲೇ ಓದಿನ ಮಾತು ತೆಗೆಯಬೇಡಿ. ಬಿಸಿಯೂಟಕ್ಕೆ ಯಾರ ಪಕ್ಕ ಕೂತಿದ್ದೆ ಎಂದು ಕೇಳಿ. ಅದಕ್ಕೆ ಉತ್ತರ ಬರಲು ಶುರುವಾದರೆ ಉಳಿದದ್ದೂ ಬರುತ್ತದೆ.

ನಿಮ್ಮ ಯಜಮಾನರಿಗೆ ಎರಡು ಮಾತು. ಅಣ್ಣ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಎಸ್ಸೆಸ್ಸೆಲ್ಸಿಯ 625ಕ್ಕೆ ಎಂಟನೆಯ ತರಗತಿಯ ಒಂದು ಅಂಕವೂ ಸೇರುವುದಿಲ್ಲ. ಹೊಸ ಶಾಲೆಗೆ ಹೊಂದಿಕೊಳ್ಳುವುದಕ್ಕೆ, ಹಿಂದಿನ ಸಡಿಲ ಜಾಗಗಳನ್ನು ಬಿಗಿ ಮಾಡಿಕೊಳ್ಳುವುದಕ್ಕೆ ಸಿಕ್ಕಿರುವ ವರ್ಷ ಇದು. ಇದನ್ನೂ ಹತ್ತನೆಯ ತರಗತಿ ಮಾಡಿಬಿಟ್ಟರೆ ಮಗು ಅಲ್ಲಿಗೆ ತಲುಪುವ ಮೊದಲೇ ದಣಿಯುತ್ತದೆ. ಮೀಡಿಯಂ ಬದಲಾವಣೆಯನ್ನೂ ಈಗ ಕೈಬಿಡಿ. ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ ಎನ್ನುವ ಆತಂಕ ಸುಳ್ಳಲ್ಲ, ಅದಕ್ಕೆ ಇಷ್ಟು ಮಾಡಿ: ದ್ಯುತಿಸಂಶ್ಲೇಷಣೆ ಎಂದು ಬರೆದಾಗ ನೋಟ್ಸಿನ ಅಂಚಿನಲ್ಲಿ ಅದರ ಇಂಗ್ಲಿಷ್ ಪದವನ್ನೂ ಬರೆದುಕೊಳ್ಳಲಿ. ಮೂರು ವರ್ಷ ಹೀಗೆ ಬರೆದರೆ ಪಿಯುಸಿಯ ಹೊತ್ತಿಗೆ ಆ ಪದಗಳು ಹೊಸವಾಗಿರುವುದಿಲ್ಲ.

ತಯಾರಿ ಬೇಕೇ ಬೇಕು ಎಂದರೆ ಈ ವರ್ಷಕ್ಕೆ ತಕ್ಕದ್ದು ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರದಿದ್ದರೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ 90, ಪಾಠಗಳ ಪತ್ರಿಕೆಯಲ್ಲಿ 90 ಪ್ರಶ್ನೆ. ಮೊದಲನೆಯದು ಒಗಟು ಬಿಡಿಸಿದ ಹಾಗಿರುತ್ತದೆ, ಮಕ್ಕಳಿಗೆ ಹಿಡಿಸುತ್ತದೆ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಬಂದರೆ ಬರಲಿ, ಇಲ್ಲದಿದ್ದರೆ ಅದನ್ನೂ ಅವಳ ತಲೆಯ ಮೇಲೆ ಹೊರಿಸಬೇಡಿ.

ದಸರಾ ರಜೆಯಲ್ಲಿ ಹೊಟ್ಟೆನೋವು ಇಲ್ಲದೆ, ಶಾಲೆ ತೆರೆದ ಕೂಡಲೇ ಮರುಕಳಿಸಿದರೆ, ಅಥವಾ ಊಟ, ನಿದ್ದೆ ಕೆಟ್ಟರೆ ತಡ ಮಾಡಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್ ವಿಚಾರಿಸಿ. ಅಷ್ಟು ದೂರ ಹೋಗುವ ಮೊದಲು ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್ 14416, ಹಗಲೂ ರಾತ್ರಿಯೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.