ಕ್ಯಾರವಾನಿನ ತೂಗಾಟ

ಎತ್ತಿನ ಗಾಡಿಗೆ ಹೇರು ತುಂಬುವಾಗ ಹಿಂಭಾರವಾಗದಂತೆ ನಮ್ಮ ರೈತರು ಎಚ್ಚರ ವಹಿಸುತ್ತಾರೆ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗದ ಹಗ್ಗ ಎತ್ತುಗಳ ಕೊರಳನ್ನು ಬಿಗಿಯುತ್ತದೆ. ಬ್ರಿಟನ್ನಿನ ಹೆದ್ದಾರಿಗಳಲ್ಲಿ ಕಾರಿನ ಹಿಂದೆ ಸಾಗುವ ಕ್ಯಾರವಾನ್ ಎಂಬ ಗಾಲಿಮನೆಗೂ ಇದೇ ತತ್ತ್ವ ಅನ್ವಯಿಸುತ್ತದೆ. ಅಲ್ಲಿ ತಪ್ಪಿದರೆ ಪ್ರಾಣಕ್ಕೇ ಅಪಾಯ. ಅದರ ಕಾರಣವನ್ನು ಪರಿಶೀಲಿಸೋಣ.

ಕ್ಯಾರವಾನಿನ ಒಟ್ಟು ತೂಕ 1200 ಕಿಲೋಗ್ರಾಂ, ಕೊಂಡಿಗೂ ಅಚ್ಚಿಗೂ ನಡುವಣ ದೂರ 4 ಮೀಟರ್ ಎಂದು ಭಾವಿಸೋಣ. ಒಟ್ಟು ತೂಕದಲ್ಲಿ ಶೇಕಡ 5ರಿಂದ 7ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಸಲಹೆ. ಶೇಕಡ 6 ಎಂದರೆ 72 ಕಿಲೋಗ್ರಾಂ. ಅಚ್ಚಿನ ಸುತ್ತ ಭ್ರಾಮಕಗಳನ್ನು ಸಮೀಕರಿಸಿದರೆ, ಗುರುತ್ವಕೇಂದ್ರವು ಅಚ್ಚಿಗಿಂತ 24 ಸೆಂಟಿಮೀಟರ್ ಮುಂದಿರಬೇಕೆಂದು ತಿಳಿಯುತ್ತದೆ. ಈಗ ಅಚ್ಚಿನ ಮೇಲಿದ್ದ 50 ಕಿಲೋಗ್ರಾಂ ಸಾಮಾನನ್ನು 2 ಮೀಟರ್ ಹಿಂದಕ್ಕೆ ಸರಿಸಿದೆವೆನ್ನಿ. ಕೊಂಡಿಯ ಭಾರದಲ್ಲಿ 25 ಕಿಲೋಗ್ರಾಂ ಕಡಮೆಯಾಗಿ 47 ಮಾತ್ರ ಉಳಿಯುತ್ತದೆ. ಅಂದರೆ ಶೇಕಡ 4ಕ್ಕೂ ಕಡಮೆ!

ಇದರಿಂದೇನು ಕೇಡು? ಬಿರುಗಾಳಿಯೋ ಪಕ್ಕದಲ್ಲಿ ಹಾಯುವ ದೊಡ್ಡ ಲಾರಿಯೋ ಕ್ಯಾರವಾನನ್ನು ಪಕ್ಕಕ್ಕೆ ತಳ್ಳಿದಾಗ ಅದು ಕೊಂಡಿಯ ಸುತ್ತ ಹೊರಳುತ್ತದೆ. ಟೈರುಗಳ ಘರ್ಷಣೆ ಅದನ್ನು ಮರಳಿ ಎಳೆಯುತ್ತದೆ. ಜಡತ್ವದಿಂದಾಗಿ ಅದು ನೇರಸ್ಥಾನವನ್ನು ದಾಟಿ ಇನ್ನೊಂದು ಬದಿಗೆ ವಾಲುತ್ತದೆ. ಹೀಗೆ ಲೋಲಕದಂತಹ ಆಂದೋಲನ ಮೊದಲಾಗುತ್ತದೆ. ವೇಗ ಕಡಮೆಯಿದ್ದರೆ ಅದು ಬೇಗ ಅಡಗುತ್ತದೆ. ವೇಗ ಏರಿದಂತೆ ಅಡಗಿಸುವ ಪರಿಣಾಮ ಕುಗ್ಗುತ್ತದೆ. ಒಂದು ಮಿತಿಯನ್ನು ಮೀರಿದರೆ ಪ್ರತಿಯೊಂದು ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಹಿಂಭಾರವು ಈ ಮಿತಿಯನ್ನೇ ಕೆಳಗಿಳಿಸುತ್ತದೆ. ಭಾರವನ್ನು ಎರಡು ತುದಿಗಳಿಗೆ ಹಂಚಿದರೂ ಕೇಡೇ. ಆಗ ಜಡತ್ವ ಭ್ರಾಮಕ ಹೆಚ್ಚಿ, ತೂಗಾಟವನ್ನು ನಿಲ್ಲಿಸುವುದು ಕಷ್ಟವಾಗುತ್ತದೆ. ಆದುದರಿಂದ ಭಾರವಾದ ವಸ್ತುಗಳನ್ನು ಅಚ್ಚಿನ ಸಮೀಪದಲ್ಲಿ, ನೆಲದ ಮಟ್ಟದಲ್ಲಿ ಇಡಬೇಕು.

ತೂಗಾಟ ಮೊದಲಾದರೆ ಚಾಲಕನು ವೇಗವನ್ನು ಹೆಚ್ಚಿಸಬಾರದು. ಹಾಗೆ ಮಾಡಿದರೆ ಆಪತ್ತಿನ ಮಿತಿಯತ್ತಲೇ ಸಾಗಿದಂತೆ. ಚಕ್ರವನ್ನು ಅತ್ತಿತ್ತ ತಿರುಗಿಸಲೂಬಾರದು. ಮನುಷ್ಯನ ಪ್ರತಿಕ್ರಿಯೆ ತುಸು ತಡವಾಗುವುದರಿಂದ ತಿದ್ದುವ ಯತ್ನವೇ ತೂಗಿಗೆ ಬಲ ಕೊಡಬಹುದು. ಥಟ್ಟನೆ ಬ್ರೇಕು ಒತ್ತಿದರೆ ಕ್ಯಾರವಾನು ಹಿಂದಿನಿಂದ ನೂಕಿ, ಜೋಡಿಯು ಮಡಚುಚಾಕುವಿನಂತೆ ಮಡಚಿಕೊಂಡೀತು. ಚಕ್ರವನ್ನು ನೇರವಾಗಿ ಹಿಡಿದು ವೇಗವರ್ಧಕದಿಂದ ಕಾಲು ತೆಗೆಯುವುದೇ ಸರಿಯಾದ ಕ್ರಮ.

ಬ್ರಿಟನ್ನಿನ ಮೋಟಾರು ಹೆದ್ದಾರಿಗಳಲ್ಲಿ ಕ್ಯಾರವಾನನ್ನು ಎಳೆಯುವ ಕಾರಿಗೆ ಗಂಟೆಗೆ 60 ಮೈಲಿಯ ಮಿತಿಯಿದೆ. ಅದನ್ನು 50ಕ್ಕೆ ಇಳಿಸಿದರೆ ಚಲನಶಕ್ತಿಯಲ್ಲಿ ಎಷ್ಟು ಪಾಲು ಕಡಮೆಯಾಗುವುದೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಸುಮಾರು ಶೇಕಡ 30 ಎಂಬ ಉತ್ತರ ಬಂದಾಗ, ಕಾಲು ತೆಗೆಯುವ ಆ ಸಣ್ಣ ಕ್ರಿಯೆಯ ಬೆಲೆ ಮನದಟ್ಟಾಗುವುದು.