ಸಿರಿಧಾನ್ಯದ ಪಾಕಸ್ಪರ್ಧೆಗೆ ಯಾರನ್ನು ಕರೆಯಬೇಕು?

ಹೊಲದಲ್ಲಿ ಯಾವ ಬೆಳೆ ಉಳಿಯುವುದೆಂಬುದನ್ನು ಮಳೆ, ಮಣ್ಣು, ಪೇಟೆಯ ಧಾರಣೆ ಇವು ನಿರ್ಣಯಿಸುವಂತೆಯೇ ಮನೆಯ ಒಲೆಯೂ ನಿರ್ಣಯಿಸುತ್ತದೆ. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ ಮೊದಲಾದ ಕಿರುಧಾನ್ಯಗಳು ಅನೇಕ ಗ್ರಾಮಗಳಲ್ಲಿ ಮೊದಲು ಅಡಿಗೆಮನೆಯಿಂದ ಹೊರಟುಹೋದುವು. ಆಮೇಲೆ ಹೊಲದಿಂದಲೂ ಮರೆಯಾದುವು. ಆದಕಾರಣ ಇವುಗಳ ಬೇಸಾಯವನ್ನು ಪುನಃ ನೆಲೆಗೊಳಿಸಬೇಕೆಂದಿರುವ ಗ್ರಾಮದ ಮುಖಂಡರೂ ಜಮೀನುದಾರರೂ ಪಾಕಸ್ಪರ್ಧೆಯನ್ನು ಬರಿಯ ವಿನೋದವೆಂದು ಎಣಿಸಲಾಗದು. ಅದನ್ನು ಯಾರಿಗಾಗಿ ಏರ್ಪಡಿಸಬೇಕು, ಅವರು ಮನಸ್ಸು ಮಾಡಿ ಬರುವಂತೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

೧. ಸ್ಪರ್ಧೆಯ ಉದ್ದೇಶ

ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು ೨೦೨೩ನೆಯ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದಕ್ಕೂ ಮುಂಚೆ, ೨೦೧೯-೨೦ರಲ್ಲಿ ಆರಂಭವಾದ ರೈತಸಿರಿ ಯೋಜನೆಯಲ್ಲಿ ಕರ್ನಾಟಕ ಸರ್ಕಾರವು ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ ೧೦,೦೦೦ ರೂಪಾಯಿಗಳ ಪ್ರೋತ್ಸಾಹಧನವನ್ನು ಗೊತ್ತುಮಾಡಿತು. ೨೦೨೫ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳಕ್ಕೆ ಪೂರ್ವಭಾವಿಯಾಗಿ ಜಿಲ್ಲೆಗಳಲ್ಲಿ ಸಿರಿಧಾನ್ಯದ ತಿನಿಸುಗಳಿಗೂ ಮರೆತುಹೋದ ಖಾದ್ಯಗಳಿಗೂ ಸ್ಪರ್ಧೆಗಳು ನಡೆದುವು. ಇವೆಲ್ಲವೂ ಉಪಯುಕ್ತವಾದ ಪ್ರಯತ್ನಗಳೇ ಸರಿ. ಆದರೆ ಧನಸಹಾಯದ ಆಸೆಯಿಂದ ಒಂದು ವರ್ಷ ನವಣೆಯನ್ನು ಬಿತ್ತಿದವನು, ತನ್ನ ಮನೆಯ ಊಟದಲ್ಲಿಯೇ ಅದಕ್ಕೆ ಸ್ಥಳವಿಲ್ಲದಿದ್ದರೆ, ಮರುವರ್ಷ ಬಿತ್ತುವುದು ಸಂದೇಹ. ಗ್ರಾಮದ ಸ್ಪರ್ಧೆಯು ಈ ಕೊರತೆಯನ್ನು ತುಂಬತಕ್ಕದ್ದು.

೨. ಕರೆಯತಕ್ಕವರು

ಸಾಮಾನ್ಯವಾಗಿ ಇಂತಹ ಸ್ಪರ್ಧೆಗಳಿಗೆ ಸಭೆಯಲ್ಲಿ ಸಂಕೋಚವಿಲ್ಲದ ನಾಲ್ಕಾರು ಮನೆಯವರೇ ಬರುತ್ತಾರೆ. ಬಹುಮಾನವೂ ಅವರಲ್ಲಿಯೇ ಸುತ್ತುತ್ತದೆ. ಅವರನ್ನು ತಡೆಯಬೇಕಾಗಿಲ್ಲ. ಆದರೆ ಈ ಕೆಳಕಂಡ ನಾಲ್ಕು ವರ್ಗದವರು ಬಾರದಿದ್ದರೆ ಸ್ಪರ್ಧೆಯು ಸಾರ್ಥಕವಾಗದು.

(ಅ) ಅರವತ್ತು ದಾಟಿದ ಹಿರಿಯರು. ನವಣೆ, ಸಾಮೆಗಳ ಹೊಟ್ಟನ್ನು ಒರಳು ಒನಕೆಗಳಲ್ಲಿ ಬಿಡಿಸಿ, ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಹದವರಿತು ನೀರಿಟ್ಟು ಬೇಯಿಸುವುದನ್ನು ಬಲ್ಲವರು ಇವರೇ. ಈ ತಿಳಿವಳಿಕೆಯು ಬರಹದಲ್ಲಿ ಹೆಚ್ಚಾಗಿ ಉಳಿದಿಲ್ಲ.

(ಆ) ಹೊಸದಾಗಿ ಸಂಸಾರ ಹೂಡಿದ ಸೊಸೆಯಂದಿರು. ಮುಂದಿನ ಮೂವತ್ತು ವರ್ಷ ಮನೆಯಲ್ಲಿ ಏನು ಬೇಯಬೇಕೆಂಬುದು ಬಹುಮಟ್ಟಿಗೆ ಇವರ ಕೈಯಲ್ಲಿರುತ್ತದೆ.

(ಇ) ಅನೇಕರಿಗೆ ಅಡಿಗೆ ಮಾಡುವವರು. ಅಂಗನವಾಡಿ, ಶಾಲೆಯ ಬಿಸಿಯೂಟ, ಖಾನಾವಳಿ, ಮದುವೆಮನೆ ಇವುಗಳಲ್ಲಿ ಬೇಯಿಸುವ ಒಬ್ಬರು ಕಲಿತರೆ ನೂರಾರು ಜನರಿಗೆ ರುಚಿ ಹತ್ತುತ್ತದೆ. ಇವರಲ್ಲಿ ಗಂಡಸರೂ ಉಂಟು, ಅವರಿಗೂ ಅವಕಾಶವಿರಲಿ.

(ಈ) ಕೂಲಿಯಿಂದ ಜೀವಿಸುವ ಮನೆಗಳ ಸ್ತ್ರೀಯರು. ಕರೆ ತಲಪದೆ ಉಳಿಯುವವರು ಇವರೇ. ಬರಗಾಲವನ್ನು ದಾಟಿಸಿದ ಅಡಿಗೆಗಳು ಎಷ್ಟೋ ವೇಳೆ ಇವರ ಮನೆಗಳಲ್ಲಿಯೇ ಉಳಿದಿರುತ್ತವೆ.

೩. ಹಿಂಜರಿಯುವ ಕಾರಣಗಳೂ ಪರಿಹಾರಗಳೂ

ಬಾರದವರಿಗೆ ಆಸಕ್ತಿಯಿಲ್ಲವೆಂದು ಹೇಳಿ ಸುಮ್ಮನಾಗುವುದು ಸುಲಭ. ವಿಚಾರಿಸಿ ನೋಡಿದರೆ ಬೇರೆ ಕಾರಣಗಳು ತಿಳಿದುಬರುತ್ತವೆ.

ಮೊದಲನೆಯದು, ವೆಚ್ಚ. ತುಪ್ಪ, ಬೆಲ್ಲ, ದ್ರಾಕ್ಷಿ, ಗೋಡಂಬಿ ಇವುಗಳನ್ನು ಕೊಳ್ಳಲಾರದವರು ಮೊದಲೇ ಸೋತೆವೆಂದು ಭಾವಿಸುತ್ತಾರೆ. ಆದುದರಿಂದ ಹೊಟ್ಟು ಬಿಡಿಸಿದ ಧಾನ್ಯ, ಬೆಲ್ಲ, ಎಣ್ಣೆ, ಸೌದೆಗಳನ್ನು ಏರ್ಪಾಡು ಮಾಡುವವರೇ ಎಲ್ಲರಿಗೂ ಸಮವಾಗಿ ಅಳೆದು ಕೊಡಬೇಕು.

ಎರಡನೆಯದು, ಕಾಲ. ಸಂಕ್ರಾಂತಿ ಕಳೆದು ಯುಗಾದಿ ಬರುವುದರೊಳಗೆ, ಒಕ್ಕಣೆ ಮುಗಿದು ಕಾಳು ಮನೆ ಸೇರಿದ ಸಮಯವು ಅನುಕೂಲವಾದುದು. ಬೆಳಗಿನ ಕೆಲಸ ತೀರಿದ ಮೇಲೆ ಆರಂಭಿಸಿ ಸಂಜೆ ಹಾಲು ಕರೆಯುವ ಹೊತ್ತಿಗೆ ಮುಗಿಸಬೇಕು. ಕೂಲಿಯವರಿಗೆ ಆ ದಿನದ ಕೂಲಿ ತಪ್ಪದಂತೆ ಜಮೀನುದಾರರು ನೋಡಿಕೊಳ್ಳತಕ್ಕದ್ದು.

ಮೂರನೆಯದು, ನಗೆಪಾಟಲಾಗುವ ಭಯ. ‘ಇದು ಬಡವರ ಕೂಳು’ ಎಂಬ ಮಾತನ್ನು ಕೇಳಿ ಬೆಳೆದವರು ಅದನ್ನು ಸಭೆಗೆ ತರಲು ನಾಚುತ್ತಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಅದು ಸುಮಾರು ೧೦ ಮಿಲಿಗ್ರಾಂ ಮಾತ್ರ. ಇದನ್ನು ತಿಳಿಸುವುದು ಒಳ್ಳೆಯದೇ. ಆದರೆ ಅಂಕಿಗಳನ್ನು ಕೇಳಿದ ಮಾತ್ರಕ್ಕೆ ನಾಚಿಕೆಯು ಹೋಗದು. ಊರಿನ ಗೌರವಸ್ಥರು ಆ ಅನ್ನವನ್ನು ಎಲ್ಲರೆದುರಿಗೆ ಕೇಳಿ ಬಡಿಸಿಕೊಂಡು ಉಂಡರೆ ಹೋಗುವುದು.

ನಾಲ್ಕನೆಯದು, ಯಾರ ಕೈಯಡಿಗೆಯನ್ನು ಯಾರು ಉಣ್ಣುವರೆಂಬ ಸಂಕೋಚ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಒಂದು ಕೇರಿಯವರ ತಟ್ಟೆಯು ಮುಟ್ಟದೆ ಹಿಂದಿರುಗಿದರೆ ಆ ಕೇರಿಯವರು ಇನ್ನೆಂದಿಗೂ ಬರಲಾರರು. ಬಾರದಿರುವುದು ನ್ಯಾಯವೂ ಹೌದು. ತೀರ್ಪುಗಾರರು ಪ್ರತಿಯೊಂದು ತಟ್ಟೆಯಿಂದಲೂ ಉಣ್ಣತಕ್ಕದ್ದು. ಅದಕ್ಕೆ ಒಪ್ಪದವರನ್ನು ತೀರ್ಪುಗಾರರನ್ನಾಗಿ ಮಾಡಬಾರದು.

೪. ಉತ್ಸಾಹಪಡಿಸುವ ಕ್ರಮ

ಡಂಗುರ ಹೊಡೆಸುವುದರಿಂದಾಗಲಿ ಗೋಡೆಗೆ ಕಾಗದ ಅಂಟಿಸುವುದರಿಂದಾಗಲಿ ಮೇಲ್ಕಂಡವರು ಬರಲಾರರು. ಸ್ತ್ರೀಶಕ್ತಿ ಸಂಘದ ಸದಸ್ಯೆಯರೂ ಅಂಗನವಾಡಿಯ ಕಾರ್ಯಕರ್ತೆಯೂ ಮನೆಮನೆಗೆ ಹೋಗಿ, ಹಿರಿಯರನ್ನು ‘ಅಜ್ಜೀ, ನಿಮ್ಮ ಕಾಲದಲ್ಲಿ ಸಾಮೆಯಿಂದ ಏನೇನು ಮಾಡುತ್ತಿದ್ದಿರಿ?’ ಎಂದು ಕೇಳಬೇಕು. ಆಹ್ವಾನಕ್ಕಿಂತ ಇಂತಹ ಪ್ರಶ್ನೆಯು ಹೆಚ್ಚು ಫಲಕಾರಿಯಾಗುತ್ತದೆ.

ಪ್ರತಿ ತಂಡದಲ್ಲಿ ಇಬ್ಬರಿರಲಿ: ಒಬ್ಬರು ಅರವತ್ತು ದಾಟಿದವರು, ಮತ್ತೊಬ್ಬರು ಮೂವತ್ತರೊಳಗಿನವರು. ಅತ್ತೆಸೊಸೆಯರು, ಅಜ್ಜಿಮೊಮ್ಮಕ್ಕಳು, ನೆರೆಮನೆಯವರು ಯಾರಾದರೂ ಆಗಬಹುದು. ಹೀಗೆ ಮಾಡಿದರೆ ಬಲ್ಲವರ ತಿಳಿವಳಿಕೆಯು ಬಾಳಬೇಕಾದವರ ಕೈಗೆ ಅದೇ ದಿನ ಸೇರುತ್ತದೆ. ಒಬ್ಬಳೇ ಸಭೆಗೆ ಬರುವ ಅಳುಕೂ ತಪ್ಪುತ್ತದೆ.

ಗುಣಗಳನ್ನು ಹತ್ತಕ್ಕೆ ಹೀಗೆ ಹಂಚಬಹುದು: ರುಚಿಗೆ ೪, ನಿತ್ಯದ ಊಟಕ್ಕೆ ಒದಗುವಿಕೆಗೆ ೩, ಮಿತವ್ಯಯಕ್ಕೆ ೨, ಅಲಂಕಾರಕ್ಕೆ ೧. ದೊಡ್ಡದೊಂದು ಬಹುಮಾನಕ್ಕಿಂತ ಸಣ್ಣ ಬಹುಮಾನಗಳು ಅನೇಕವಾಗಿರುವುದು ಲೇಸು. ಎಕರೆಗೆ ಸುಮಾರು ೪ ಕಿಲೋಗ್ರಾಂ ನವಣೆ ಬೀಜವು ಸಾಕಾಗುವುದರಿಂದ, ಭಾಗವಹಿಸಿದ ಪ್ರತಿ ಮನೆಗೂ ಒಂದಿಷ್ಟು ಬಿತ್ತನೆಬೀಜವನ್ನು ಕೊಡುವುದು ಭಾರವಾಗದು.

೫. ಮುಖಂಡರ ಹೊಣೆ

ಮುಖಂಡರ ಮನೆಯವರು ಅಡಿಗೆ ಮಾಡಿ ಎಲ್ಲರಿಗೂ ಬಡಿಸಲಿ, ಆದರೆ ಬಹುಮಾನಕ್ಕೆ ನಿಲ್ಲದಿರಲಿ. ತೀರ್ಪಿನಲ್ಲಿ ಜನರಿಗೆ ನಂಬಿಕೆ ಹುಟ್ಟಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಹೊಟ್ಟು ಬಿಡಿಸುವ ಶ್ರಮವೇ ಈ ಧಾನ್ಯಗಳಿಗೆ ದೊಡ್ಡ ಅಡ್ಡಿಯಾಗಿರುವುದರಿಂದ, ಸಮೀಪದಲ್ಲಿ ಹೊಟ್ಟು ಬಿಡಿಸುವ ಯಂತ್ರವು ಎಲ್ಲಿರುವುದೆಂಬುದನ್ನೂ ಅದೇ ಸಭೆಯಲ್ಲಿ ತಿಳಿಸಬೇಕು. ಊರಿನಲ್ಲಿ ಅದಿಲ್ಲದಿದ್ದರೆ ಜಮೀನುದಾರರು ಕೂಡಿ ಒಂದನ್ನು ತರಿಸುವ ಆಲೋಚನೆ ಮಾಡಬೇಕು. ಅದಾಗದೆ ಸೊಸೆಯಂದಿರಿಗೆ ಉಪದೇಶ ಮಾಡುವುದು ಸರಿಯಲ್ಲ.

ಸ್ಪರ್ಧೆಯು ಚೆನ್ನಾಗಿ ನಡೆಯಿತೆಂಬುದನ್ನು ಬಂದ ಜನರ ಸಂಖ್ಯೆಯಿಂದ ಅಳೆಯಬಾರದು. ಒಂದು ತಿಂಗಳ ತರುವಾಯ ಎಷ್ಟು ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಆ ಅನ್ನ ಬೆಂದಿತು, ಮುಂಗಾರಿನಲ್ಲಿ ಎಷ್ಟು ಮಂದಿ ಬೀಜವನ್ನು ತಾವಾಗಿಯೇ ಕೇಳಿದರು ಎಂಬೆರಡನ್ನು ಗುರುತುಹಾಕಿಟ್ಟರೆ ನಿಜವು ಗೊತ್ತಾಗುವುದು.