ಮರ ಕೊಳ್ಳುವ ಮುಂಚೆ

ಮಗಳೇ, ಮರ ತರಲು ಹೊರಡುವ ಮುಂಚೆ ಗೋದಲಿ ಎಲ್ಲಿಡುತ್ತೀರೆಂದು ತೀರ್ಮಾನ ಮಾಡಿಕೊಳ್ಳಿ. ಕಲ್ಲಟ್ಟಿಯ ನಿಮ್ಮ ಹೊಸ ಮನೆಯ ಹಜಾರ ದೊಡ್ಡದೇನಲ್ಲ. ಇರುವ ಒಂದೇ ಒಳ್ಳೆಯ ಮೂಲೆಯನ್ನು ಮರಕ್ಕೆ ಬಿಟ್ಟುಕೊಟ್ಟು, ಬಾಲಯೇಸುವನ್ನು ಟಿ.ವಿ. ಮೇಜಿನ ಅಂಚಿಗೆ ಒತ್ತರಿಸಿದ ಮನೆಗಳನ್ನು ಈಚೆಗೆ ಬಹಳ ನೋಡುತ್ತಿದ್ದೇನೆ, ನನಗೆ ಸಂಕಟವಾಗುತ್ತದೆ. ನಮ್ಮ ಹಬ್ಬದಲ್ಲಿ ಗೋದಲಿ ಮೊದಲು, ಮರ ಆಮೇಲೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯ ದೃಶ್ಯ ಕಟ್ಟಿದ್ದು 1223ರಲ್ಲಿ. ರೋಮಿನ ಸಂತ ಪೇತ್ರರ ಚೌಕದಲ್ಲಿ ಕ್ರಿಸ್‌ಮಸ್ ಮರ ನಿಲ್ಲಿಸಲು ಶುರು ಮಾಡಿದ್ದು 1982ರಲ್ಲಿ, ಎರಡನೇ ಜಾನ್ ಪಾಲ್ ಪೋಪರಾಗಿದ್ದ ಕಾಲದಲ್ಲಿ. ಅಲ್ಲಿಯವರೆಗೆ ಅಲ್ಲಿಯ ಹಬ್ಬಕ್ಕೇನೂ ಕೊರತೆಯಾಗಿರಲಿಲ್ಲ. ಮರ ಕಡ್ಡಾಯವಲ್ಲ ಎಂಬುದು ಮನಸ್ಸಿನಲ್ಲಿದ್ದರೆ ಅಂಗಡಿಯವನ ಮಾತಿಗೆ ಮರುಳಾಗುವುದಿಲ್ಲ. ಮಕ್ಕಳು ಆಸೆಪಟ್ಟಿದ್ದಾರೆ, ಅದಕ್ಕೆ ತರುತ್ತೀರಿ. ಅಷ್ಟು ಕಾರಣ ಸಾಕು.

ನಿಜವಾದ ಮರವನ್ನೇ ತಂದರೆ ಹೇಗೆ ಎಂದು ಅಳಿಯಂದಿರು ಕೇಳಿದರಂತೆ. ಮನೆಯ ಹಿಂದೆಯೇ ಸೈಪ್ರಸ್ ಸಾಲು ಇದೆ, ಒಂದು ತುದಿ ಕಡಿದರೆ ಯಾರಿಗೆ ನಷ್ಟ ಎಂದು ಅನ್ನಿಸುವುದು ಸಹಜ. ಬೇಡ ಎಂದು ಅವರಿಗೆ ಹೇಳು. ಈ ನೀಲಗಿರಿ ಬೆಟ್ಟದಲ್ಲಿ ಮರ ಕಡಿಯುವುದಕ್ಕೆ 1955ರಿಂದಲೇ ಗುಡ್ಡಗಾಡು ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆ ಇದೆ. ನಮ್ಮದೇ ಪಟ್ಟಾ ಜಮೀನಿನ ಮರಕ್ಕೂ ಅನುಮತಿ ಬೇಕು. ಕಾನೂನನ್ನು ಬದಿಗಿಟ್ಟು ನೋಡಿದರೂ, ತುದಿ ಕಡಿದ ಸೈಪ್ರಸ್ ಮತ್ತೆ ನೆಟ್ಟಗೆ ಏಳುವುದಿಲ್ಲ, ಅಡ್ಡಡ್ಡ ಕೊಂಬೆ ಬಿಟ್ಟು ವಿಕಾರವಾಗುತ್ತದೆ. ಹತ್ತು ದಿನದ ಚೆಂದಕ್ಕೆ ಹತ್ತಾರು ವರ್ಷದ ಮರ ಕೆಡಿಸುವುದು ನ್ಯಾಯವಲ್ಲ. ಬಿದ್ದ ರೆಂಬೆ ಸಿಕ್ಕಿದರೆ ಧಾರಾಳವಾಗಿ ತನ್ನಿ. ಗೋದಲಿಯ ಹಿಂಬದಿಗೆ ಸಿಕ್ಕಿಸಿದರೆ ಮನೆಯೆಲ್ಲ ಘಮಘಮ ಅನ್ನುತ್ತದೆ. ಯಾವ ಪ್ಲಾಸ್ಟಿಕ್ ಮರವೂ ಆ ಪರಿಮಳ ಕೊಡಲಾರದು.

ಕಾಡು ಉಳಿಸಬೇಕೆಂಬ ಯೋಚನೆಗೂ ಕೃತಕ ಮರಕ್ಕೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಲ್ಲಿ ಹಬ್ಬಕ್ಕೆಂದು ಎಳೆ ಫರ್ ಮರಗಳನ್ನು ಮನಬಂದಂತೆ ಕಡಿಯತೊಡಗಿದಾಗ, ಹೆಬ್ಬಾತಿನ ಗರಿಗೆ ಹಸಿರು ಬಣ್ಣ ಹಾಕಿ ತಂತಿಗೆ ಸುತ್ತಿ ಪುಟ್ಟ ಪುಟ್ಟ ಮರ ಮಾಡಿದರು.  ಗರಿಯ ಮರ ಹೋಗಿ ಈಗ ಪ್ಲಾಸ್ಟಿಕ್ ಮರ ಬಂದಿದೆ. ಕಾಡಿಗೆ ಉಪಕಾರವಾಗಲೆಂದು ಹುಟ್ಟಿದ ವಸ್ತು ಕಾಡಿನಲ್ಲಿ ಕಸವಾಗಿ ಬೀಳದಂತೆ ನೋಡಿಕೊಳ್ಳುವುದೊಂದೇ ನನ್ನ ಚಿಂತೆ. ನಾನು ಮುಂದೆ ಹೇಳುವುದೆಲ್ಲ ಅದರ ಸುತ್ತಲೇ.

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮರವನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳುತ್ತೀರಾ? ಇಪ್ಪತ್ತು ಎಂದು ನಾನು ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಕೆನಡಾದ ಮಾಂಟ್ರಿಯಾಲಿನ ಎಲಿಪ್ಸಾಸ್ ಎಂಬ ಸಂಸ್ಥೆ 2009ರಲ್ಲಿ ಎರಡೂ ಬಗೆಯ ಮರಗಳ ಲೆಕ್ಕ ಹಾಕಿತು. ಕೃತಕ ಮರ ತಯಾರಿಸಿ ಹಡಗಿನಲ್ಲಿ ಸಾಗಿಸಲು ಸುಟ್ಟ ಇಂಧನದ ಹೊರೆ ತೀರಬೇಕಾದರೆ ಇಪ್ಪತ್ತು ವರ್ಷವಾದರೂ ಬಳಸಬೇಕು, ಇಲ್ಲದಿದ್ದರೆ ನಿಜವಾದ ಮರವೇ ವಾಸಿ ಎಂದು ಅದು ಹೇಳಿತು. ಅಲ್ಲಿ ಹಬ್ಬದ ಮರವನ್ನು ರೈತರು ಬೆಳೆಯಂತೆ ನೆಟ್ಟು ಕೊಯ್ಯುತ್ತಾರೆ. ನಮ್ಮಲ್ಲಿ ಅಂಥ ತೋಟಗಳಿಲ್ಲ, ಹಾಗಾಗಿ ಆ ಲೆಕ್ಕ ನಮಗೆ ಅಕ್ಷರಶಃ ಹೊಂದುವುದಿಲ್ಲ. ಆದರೂ ಇಪ್ಪತ್ತು ಎಂಬ ಗಡುವನ್ನು ನಾನು ಒಪ್ಪುತ್ತೇನೆ. ಮೂರು ವರ್ಷಕ್ಕೆ ಎಲೆ ಉದುರಿ ಬೋಳಾಗುವ ಅಗ್ಗದ ಮರ ಈ ಬೆಟ್ಟಕ್ಕೆ ಬರಲೇಬಾರದು. ಬೆಟ್ಟಕ್ಕೆ ಹತ್ತಿದ ಪ್ಲಾಸ್ಟಿಕ್ ತಾನಾಗಿ ಇಳಿದು ಹೋಗುವುದಿಲ್ಲ. ಉದಕಮಂಡಲದ ಸೇಂಟ್ ಸ್ಟೀಫನ್ಸ್ ದೇವಾಲಯಕ್ಕೆ 1829ರಲ್ಲಿ ಅಡಿಗಲ್ಲು ಹಾಕಿದಾಗ, ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ಹಳೆಯ ತೊಲೆಗಳನ್ನೇ ಹೊತ್ತು ತಂದು ಕಟ್ಟಿದರು. ಇವತ್ತಿಗೂ ಅಲ್ಲಿ ಆರಾಧನೆ ನಡೆಯುತ್ತದೆ. ಮನೆಗೆ ತರುವ ವಸ್ತುವಿನ ಬಾಳಿಕೆಯನ್ನು ಆ ರೀತಿ ಎಣಿಸಬೇಕು.

ಇನ್ನು ಆರಿಸುವ ವಿಚಾರ. ಅಳತೆ ಪಟ್ಟಿ ಹಿಡಿದು ಮೂಲೆಯಲ್ಲಿ ನೆಲದಿಂದ ಚಾವಣಿಯವರೆಗೆ ಅಳೆಯಿರಿ. ನಿಮ್ಮದು ಇಳಿಜಾರು ಶೀಟಿನ ಮಾಡು, ಗೋಡೆಯ ಹತ್ತಿರ ತಗ್ಗಾಗಿರುತ್ತದೆ, ನಡುವೆ ಅಳೆದರೆ ಮೋಸ ಹೋಗುತ್ತೀರಿ. ತುದಿಗೆ ಕಟ್ಟುವ ನಕ್ಷತ್ರಕ್ಕೆ ಒಂದಡಿಯಾದರೂ ಬಿಡಬೇಕು. ಬುಡದ ಅಗಲ ಎಷ್ಟಿದೆ ಎಂದು ಹೆಚ್ಚಿನವರು ಕೇಳುವುದೇ ಇಲ್ಲ. ಐದಡಿ ಎತ್ತರದ ಮರ ಕೆಳಗಡೆ ಮೂರಡಿಯಷ್ಟು ಹರಡಿಕೊಳ್ಳುತ್ತದೆ. ಬಾಗಿಲು ತೆರೆದರೆ ತಾಗುತ್ತದೆಯೇ, ಮಗು ಓಡಾಡಲು ದಾರಿ ಉಳಿಯುತ್ತದೆಯೇ, ಗೋದಲಿಗೆ ಜಾಗ ಮಿಗುತ್ತದೆಯೇ ಎಂದು ನೋಡಿ. ನನ್ನ ಅಂದಾಜಿನಲ್ಲಿ ನಿಮಗೆ ಐದಡಿಯದು ಸಾಕು. ಏಳಡಿಯದು ಅಂಗಡಿಯಲ್ಲಿ ಕಣ್ಣು ತುಂಬುತ್ತದೆ, ನಿಮ್ಮ ಹಜಾರದಲ್ಲಿ ಉಸಿರು ಕಟ್ಟಿಸುತ್ತದೆ.

ಮರದ ಎಲೆ ಎರಡು ಬಗೆ. ಪಿವಿಸಿ ಹಾಳೆಯನ್ನು ಸಣ್ಣಗೆ ಕತ್ತರಿಸಿ ತಂತಿಗೆ ತಿರುಚಿದ್ದು ಒಂದು. ಅದು ಅಗ್ಗ, ಹಗುರ, ಚಪ್ಪಟೆ. ಪಾಲಿಥಿಲೀನನ್ನು ಅಚ್ಚಿಗೆ ಸುರಿದು ಮಾಡಿದ್ದು ಇನ್ನೊಂದು. ಅದರ ಸೂಜಿಗಳು ದುಂಡಗೆ, ನಿಜವಾದ ಎಲೆಯಂತೆ ಇರುತ್ತವೆ, ಬೆಲೆಯೂ ಜಾಸ್ತಿ. ಹೊರಗಿನ ತುದಿಗಳು ಅಚ್ಚಿನವು, ಒಳಗೆ ತುಂಬಲು ಪಿವಿಸಿ, ಹೀಗೆ ಎರಡನ್ನೂ ಸೇರಿಸಿದ ಮರಗಳೂ ಬರುತ್ತವೆ. ನಿಮ್ಮ ಕೈಗೆ ಎಟಕುವ ಬೆಲೆಯಲ್ಲಿ ಅದೇ ಒಳ್ಳೆಯದು. ಡಬ್ಬದ ಮೇಲೆ ತುದಿಗಳ ಸಂಖ್ಯೆ ಬರೆದಿರುತ್ತಾರೆ. ಒಂದೇ ಎತ್ತರದ ಎರಡು ಮರಗಳನ್ನು ಹೋಲಿಸುವಾಗ ಆ ಸಂಖ್ಯೆ ನೋಡಿ, ತುದಿ ಹೆಚ್ಚಿದ್ದಷ್ಟೂ ಮರ ದಟ್ಟ. ಚಿತ್ರ ನೋಡಿ ಕೊಳ್ಳಬೇಡಿ, ಬಿಚ್ಚಿ ತೋರಿಸು ಎನ್ನಿ. ಒಂದು ಕೊಂಬೆಯನ್ನು ಬುಡದಿಂದ ತುದಿಯವರೆಗೆ ಮುಷ್ಟಿಯಲ್ಲಿ ಹಿಡಿದು ಎಳೆಯಿರಿ. ಅಂಗೈಯಲ್ಲಿ ಎಲೆ ಉಳಿದರೆ ಆ ಮರ ಬೇಡ. ಮೂಗಿನ ಹತ್ತಿರ ಹಿಡಿದು ನೋಡಿ, ಹೊಸ ರೇನ್‌ಕೋಟಿನ ಹಾಗೆ ಗಾಢವಾದ ವಾಸನೆ ಬಂದರೂ ಬೇಡ. ಹಿಂದೆ ಪಿವಿಸಿ ಬೇಗ ಹಾಳಾಗದಿರಲೆಂದು ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು, ಹಳೆಯದಾಗುತ್ತ ಅದು ಪುಡಿಯಾಗಿ ಉದುರುತ್ತಿತ್ತು. ತೆವಳುವ ಕೂಸಿರುವ ಮನೆ ನಿನ್ನದು, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು. ಯಾರೋ ಕೊಟ್ಟ ಹಳೆಯ ಮರವನ್ನು ಕೂಸಿರುವ ಕೋಣೆಯಲ್ಲಿ ನಿಲ್ಲಿಸಬೇಡ. ಹೊಸದನ್ನು ಜೋಡಿಸಿದ ಮೇಲೂ ಕೈ ತೊಳೆದುಕೊಳ್ಳಿ, ನೆಲ ಒದ್ದೆ ಬಟ್ಟೆಯಿಂದ ಒರೆಸಿ.

ಕಾಲು ಕಬ್ಬಿಣದ್ದೇ ಇರಲಿ. ಪ್ಲಾಸ್ಟಿಕ್ ಕಾಲು ಮೊದಲು ಮುರಿಯುತ್ತದೆ, ಕಾಲು ಮುರಿದ ಮರವನ್ನು ಗೋಡೆಗೆ ಕಟ್ಟಿ ನಿಲ್ಲಿಸಬೇಕಾಗುತ್ತದೆ. ಕೊಂಬೆಗಳು ಕೀಲಿನಿಂದ ಕಾಂಡಕ್ಕೇ ಅಂಟಿಕೊಂಡಿದ್ದರೆ ಕೊಡೆಯಂತೆ ಬಿಚ್ಚಿ ಮಡಿಸಬಹುದು. ಒಂದೊಂದಾಗಿ ಸಿಕ್ಕಿಸುವ ಮರದಲ್ಲಿ ವರ್ಷಕ್ಕೊಂದು ಕೊಂಬೆ ಕಳೆದುಹೋಗುತ್ತದೆ.

ದೀಪ ಮೊದಲೇ ಕಟ್ಟಿ ಮಾರುವ ಮರವನ್ನು ಎಷ್ಟೇ ಚೆನ್ನಾಗಿದ್ದರೂ ತರಬೇಡಿ. ದೀಪ ಕೆಡುವುದು ಬೇಗ, ಮರ ಕೆಡುವುದು ತಡ. ಒಳಗಿನ ತಂತಿ ಸತ್ತಿತೆಂದು ಗಟ್ಟಿಮುಟ್ಟಾದ ಮರವನ್ನೇ ಎಸೆದವರಿದ್ದಾರೆ. ಸೀರಿಯಲ್ ದೀಪ ಬೇರೆ ಕೊಳ್ಳಿ, ಎಲ್ಇಡಿಯದೇ ಆಗಲಿ, ಅಡಾಪ್ಟರ್ ಇದ್ದು ಕಡಿಮೆ ವೋಲ್ಟಿನಲ್ಲಿ ಉರಿಯುವಂಥದ್ದು ಆಗಲಿ. ಮಂಜು ಇಳಿದ ರಾತ್ರಿ ಗೋಡೆಯೂ ತೇವವಾಗುವ ಊರು ಇದು, ಸಿಪ್ಪೆ ಸುಲಿದ ತಂತಿಯ ಸರಕ್ಕೆ ಇಲ್ಲಿ ಜಾಗವಿಲ್ಲ. ಮಲಗುವ ಮುಂಚೆ ಪ್ಲಗ್ ತೆಗೆಯಿರಿ. ಬೆಂಕಿ ಹಿಡಿಯದ ಮರ ಎಂದು ಡಬ್ಬದ ಮೇಲೆ ಬರೆದಿದ್ದರೂ, ಬೇಗ ಹತ್ತಿಕೊಳ್ಳುವುದಿಲ್ಲ ಎಂದಷ್ಟೇ ತಿಳಿಯಿರಿ. ಮೇಣದ ಬತ್ತಿಯೂ ಅಗ್ಗಿಷ್ಟಿಕೆಯೂ ಅದರ ಹತ್ತಿರ ಸುಳಿಯಬಾರದು. ಅಗ್ಗಿಷ್ಟಿಕೆಯ ಮಾತು ಬಂತಲ್ಲ, ಚಳಿಗೆ ಕೆಂಡ ಒಳಗಿಟ್ಟು ಬಾಗಿಲು ಮುಚ್ಚಿ ಮಲಗುವುದು ಪ್ರಾಣಕ್ಕೇ ಎರವಾಗುತ್ತದೆ. ಮರದ ವಿಚಾರದಲ್ಲಿ ನನ್ನ ಮಾತು ಕೇಳದಿದ್ದರೂ ಚಿಂತೆಯಿಲ್ಲ, ಇದೊಂದನ್ನು ಕೇಳು.

ಹಿಮ ಬಳಿದ ಬಿಳಿಯ ಮರ ಬೇಡ. ಆ ಬಿಳಿ ಪುಡಿ ತೇವಕ್ಕೆ ಹಳದಿಗಟ್ಟಿ ಉದುರುತ್ತದೆ. ಹಿಮ ನೋಡಬೇಕೆಂದರೆ ಜನವರಿಯ ಬೆಳಿಗ್ಗೆ ಉದಕಮಂಡಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗು, ಹುಲ್ಲಿನ ಮೇಲೆ ನಿಜವಾದದ್ದೇ ಕೂತಿರುತ್ತದೆ.

ಎಲ್ಲಿ ಕೊಳ್ಳಬೇಕೆಂದರೆ, ಕೈಯಲ್ಲಿ ಮುಟ್ಟಿ ನೋಡಲು ಬಿಡುವ ಅಂಗಡಿಯಲ್ಲಿ. ಉದಕಮಂಡಲದಲ್ಲಿ ಸಿಗದಿದ್ದರೆ, ಬೆಂಗಳೂರಿಗೆ ಹೋದಾಗ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತ ನೋಡಿ, ಡಿಸೆಂಬರಿನಲ್ಲಿ ಅಲ್ಲಿ ಹಬ್ಬದ ಸಾಮಾನು ರಾಶಿ ಬಿದ್ದಿರುತ್ತದೆ. ಹಬ್ಬ ಕಳೆದ ಮೇಲೆ ಬೆಲೆ ಇಳಿಯುತ್ತದೆ. ಒಂದು ವರ್ಷ ತಡೆದರೆ ಅದೇ ದುಡ್ಡಿಗೆ ಒಳ್ಳೆಯದು ಬರುತ್ತದೆ, ಮಕ್ಕಳನ್ನು ಒಪ್ಪಿಸುವುದು ನಿನಗೆ ಬಿಟ್ಟದ್ದು. ಬಂಡೀಪುರದ ದಾರಿಯಲ್ಲಿ ಬರುವುದಾದರೆ ರಾತ್ರಿ ಒಂಬತ್ತಕ್ಕೆ ಗೇಟು ಹಾಕುತ್ತಾರೆ, ಬೆಳಿಗ್ಗೆ ಆರರವರೆಗೆ ಬಿಡುವುದಿಲ್ಲ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ, ನೀಲಗಿರಿಯಲ್ಲಿ ಅದಕ್ಕೂ ಎಷ್ಟೋ ಮೊದಲೇ ಕಟ್ಟುನಿಟ್ಟು. ಚೆಕ್‌ಪೋಸ್ಟಿನಲ್ಲಿ ತಡೆದು ನೋಡುತ್ತಾರೆ. ಮರಕ್ಕೆ ಸುತ್ತಿದ ತೆಳು ಹಾಳೆ, ಕವರು, ಥರ್ಮೋಕೋಲ್ ಇವನ್ನೆಲ್ಲ ಅಂಗಡಿಯಲ್ಲೇ ಬಿಟ್ಟು, ರಟ್ಟಿನ ಡಬ್ಬ ಮಾತ್ರ ತನ್ನಿ. ಹಬ್ಬದ ಊಟಕ್ಕೆಂದು ಪ್ಲಾಸ್ಟಿಕ್ ತಟ್ಟೆ ಲೋಟಗಳ ಕಟ್ಟನ್ನೂ ಜೊತೆಗೆ ತರುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಹೊಳೆಯುವ ಜರಿ ಸರಗಳು ನನಗೆ ಸೇರುವುದಿಲ್ಲ. ಒಂದೇ ಹಬ್ಬಕ್ಕೆ ಹರಿದು, ಗಾಳಿಗೆ ಹಾರಿ ಹೊರಗೆ ಬೀಳುತ್ತವೆ. ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವು ಇಳಿದರೆ ಮಸಿನಗುಡಿ, ಮುದುಮಲೆಯ ಹುಲಿ ಕಾಡು. ನಮ್ಮ ಅಂಗಳಕ್ಕೇ ಕಾಟಿ ಬರುತ್ತದೆ, ಕಡವೆ ಬರುತ್ತದೆ, ಮಂಗ ಯಾವಾಗಲೂ ಇರುತ್ತದೆ. ಪ್ಲಾಸ್ಟಿಕ್ ನುಂಗಿದ ದನದ ಹೊಟ್ಟೆ ಕಟ್ಟಿಕೊಂಡು ಅದು ಸಾಯುವುದನ್ನು ಊರಿನವರೆಲ್ಲ ಬಲ್ಲರು, ಕಾಡಿನ ಪ್ರಾಣಿಗೆ ಬೇರೆ ಹೊಟ್ಟೆಯಿಲ್ಲ. ಬಣ್ಣದ ಬಟ್ಟೆಯ ಚೂರು, ನೂಲಿನ ಉಂಡೆ, ಒಣಗಿದ ಸೈಪ್ರಸ್ ಕಾಯಿ, ನೀಲಗಿರಿ ಮರದ ಬೀಜದ ಬುರುಡೆ, ಇವುಗಳಿಂದ ಮಕ್ಕಳೇ ಅಲಂಕಾರ ಮಾಡಲಿ. ಕಲ್‌ಕಲ್, ಕರ್ಜಿಕಾಯಿ ಮಾಡುವಾಗ ಅವರನ್ನು ಅಡುಗೆಮನೆಯಿಂದ ಆಚೆ ಕೂರಿಸಲು ಇದು ಒಳ್ಳೆಯ ಕೆಲಸ ಕೂಡ.

ಮೂರು ರಾಯರ ಹಬ್ಬ ಮುಗಿದ ಮೇಲೆ ಮರ ಇಳಿಸುತ್ತೀರಲ್ಲ, ಇಪ್ಪತ್ತು ವರ್ಷ ಬಾಳುವುದೋ ಇಲ್ಲವೋ ಎಂಬುದು ಆ ದಿನದ ಕೆಲಸದ ಮೇಲಿದೆ. ಒದ್ದೆ ದಿನ ಇಳಿಸಬೇಡಿ. ಬಿಸಿಲು ನೋಡಿ, ಒಣ ಬಟ್ಟೆಯಲ್ಲಿ ದೂಳು ಒರೆಸಿ, ಕೊಂಬೆಗಳನ್ನು ಮೇಲಕ್ಕೆ ಮಡಿಸಿ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೆ ನೀರು ಬೆವರಿ ಬೂಷ್ಟು ಹಿಡಿಯುತ್ತದೆ, ಕೀಲುಗಳನ್ನು ತುಕ್ಕು ತಿನ್ನುತ್ತದೆ. ಕಬ್ಬಿಣದ ಕಾಲಿಗೆ ಒಂದು ತೊಟ್ಟು ಎಣ್ಣೆ ಸವರಿ. ಅಟ್ಟದಲ್ಲಿ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ, ಶೀಟಿಗೆ ತೀರ ಹತ್ತಿರ ಬೇಡ. ಡಬ್ಬದ ಮೇಲೆ ಕೊಂಡ ವರ್ಷವನ್ನು ದೊಡ್ಡದಾಗಿ ಬರೆದಿಡಿ. ವರ್ಷದ ನಡುವೆ ಒಮ್ಮೆ ತೆಗೆದು ಇಲಿ ಕಡಿದಿದೆಯೇ ಎಂದು ನೋಡಿ.

ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬಿದ್ದರೆ, ಕುಂಡದಲ್ಲಿ ಒಂದು ಗಿಡ ಸಾಕುವುದು ಇದೆಲ್ಲಕ್ಕಿಂತ ಮೇಲು ಎಂಬುದು ನನ್ನ ಮನಸ್ಸು. ಬೆಂಗಳೂರಿನ ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡ ಎಂದು ಮಾರುವ ಅರಾಕೇರಿಯಾ ಆಗಬಹುದು. ಆದರೆ ಅದನ್ನು ನೆಲಕ್ಕೆ ಇಳಿಸುವ ಮುಂಚೆ ಯೋಚಿಸಬೇಕು, ಮನೆಗಿಂತ ಎಷ್ಟೋ ಎತ್ತರಕ್ಕೆ ಹೋಗುವ ಜಾತಿ ಅದು. ಹೊರಗಿನಿಂದ ತಂದು ನೆಟ್ಟ ವ್ಯಾಟಲ್ ಮರ ಈ ಬೆಟ್ಟದ ಹುಲ್ಲುಗಾವಲನ್ನು ನುಂಗಿ, ಈಗ ನ್ಯಾಯಾಲಯದ ಆದೇಶದ ಮೇಲೆ ಕೀಳಬೇಕಾಗಿ ಬಂದಿದೆ. ಹೊಸ ಜಾತಿ ತರುವಾಗ ಕೈ ತಡೆಯಬೇಕು. ಕುಂಡದಲ್ಲೇ ಇರಲಿ, ಕಾಟಿಯ ಬಾಯಿಗೆ ಸಿಗದಂತೆ ಇರಲಿ.

ಎಷ್ಟು ಜೋಪಾನ ಮಾಡಿದರೂ ಪ್ಲಾಸ್ಟಿಕ್ ಮರಕ್ಕೆ ಒಂದು ದಿನ ಕೊನೆ ಬರುತ್ತದೆ. ಆಗ ಅದನ್ನು ಚಳಿ ಕಾಯಿಸುವ ಬೆಂಕಿಗೆ ಹಾಕುವ ಆಸೆ ಯಾರಿಗೂ ಬರದಿರಲಿ. ಪಿವಿಸಿ ಸುಟ್ಟ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಇರುತ್ತದೆ, ಡಯಾಕ್ಸಿನ್ ಎಂಬ ಬಲು ವಿಷವೂ ಇರುತ್ತದೆ. ಹಳ್ಳಕ್ಕೂ ಹಾಕಬೇಡಿ, ಅದು ಕಲ್ಲಟ್ಟಿಯ ಜಲಪಾತ ಹಾದು ಸೀಗೂರಿನ ಕಾಡಿಗೆ ಇಳಿಯುತ್ತದೆ. ಒಳಗಿನ ಕಬ್ಬಿಣ ಬಿಡಿಸಿ ಗುಜರಿಗೆ ಕೊಡಿ, ಉಳಿದದ್ದನ್ನು ಕಟ್ಟಿ ಒಣ ಕಸದವರ ಕೈಗೇ ಕೊಡಿ. ಈ ಕೆಲಸವನ್ನು ಕೊನೆಯವರೆಗೆ ಮಾಡುತ್ತೇವೆಂಬ ಒಪ್ಪಿಗೆ ನಿಮ್ಮಿಬ್ಬರಲ್ಲೂ ಇದ್ದರೆ ಹೋಗಿ ಮರ ತನ್ನಿ. ಇಲ್ಲವಾದರೆ ಈ ವರ್ಷ ಗೋದಲಿಯನ್ನೇ ಸ್ವಲ್ಪ ದೊಡ್ಡದಾಗಿ ಕಟ್ಟಿ, ಹುಲ್ಲು ಹಾಸಲು ನಾನು ಬರುತ್ತೇನೆ.